ರಾತ್ರಿ ಕಯೋಟಿ ಷಿಕಾರಿ: ಕರೆದರೂ ಬಾರದ್ದನ್ನು ಬರುವಂತೆ ಕರೆಯುವ ಕ್ರಮ

ಕಳೆದ ಚಳಿಗಾಲದಲ್ಲಿ ನನಗೆ ಬಂದ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಅಣ್ಣ, ಥರ್ಮಲ್ ಸ್ಕೋಪು ತಗೊಂಡೆ, ಕೂಗೋ ಮಿಷನ್ನೂ ತಗೊಂಡೆ. ಮೂರು ರಾತ್ರಿ ಕೂತೆ. ಮೊಲ ಬಿಟ್ಟರೆ ಏನೂ ಕಾಣಲಿಲ್ಲ." ಗಾಳಿ ಯಾವ ಕಡೆಯಿಂದ ಇತ್ತು ಅಂತ ಕೇಳಿದರೆ ಆ ಕಡೆಯಿಂದ ಸದ್ದಿಲ್ಲ. ಕಾರು ಎಲ್ಲಿ ನಿಲ್ಲಿಸಿದ್ದೆ ಅಂದರೆ, "ಅಲ್ಲೇ, ಪಕ್ಕದಲ್ಲೇ."

ಆಸ್ಟಿನ್‌ನ ಪಶ್ಚಿಮಕ್ಕೆ ಟೆಕ್ಸಾಸ್‌ನ ಹಿಲ್ ಕಂಟ್ರಿ ಎಂಬ ಗುಡ್ಡಗಾಡಿನಲ್ಲಿ ಜಮೀನು ಮಾಡಿ ಮೇಕೆ ಸಾಕಿದವರು, ಅಂಥವರ ಜಮೀನಿಗೆ ವಾರಾಂತ್ಯಕ್ಕೆ ಹೋಗುವವರು, ಇಬ್ಬರಿಗೂ ಈ ಬರಹ. ಕಯೋಟಿ ಅಂದರೆ ನಮ್ಮ ನರಿ, ತೋಳಗಳ ಬಳಗದ, ಮೇಕೆ ಹಿಡಿಯುವ ಅಮೆರಿಕದ ಕಾಡುಪ್ರಾಣಿ. ಥರ್ಮಲ್ ಅಂದರೆ ಮೈಯ ಬಿಸಿಯನ್ನು ಕತ್ತಲಲ್ಲೂ ತೋರಿಸುವ ದುರ್ಬೀನು, ಕೂಗೋ ಮಿಷನ್ನು ಅಂದರೆ ಪ್ರಾಣಿಗಳ ಕೂಗು ಹಾಕಿ ಕಯೋಟಿಯನ್ನು ಹತ್ತಿರ ಕರೆಯುವ ಯಂತ್ರ. ಸೋಲುವವರು ಸಾಮಾನು ಸಾಲದೆ ಸೋಲುತ್ತಿಲ್ಲ. ಮೊದಲ ಕೂಗು ಹೊರಡುವ ಮುಂಚೆಯೇ ಕಯೋಟಿಗೆ ಸುದ್ದಿ ಮುಟ್ಟಿರುತ್ತದೆ. ಕೆಳಗಿನ ಹಂತಗಳ ಕ್ರಮವನ್ನು ಅದಕ್ಕೇ ಹೀಗೆ ಇಟ್ಟಿದ್ದೇನೆ. ಒಂದನ್ನು ಹಾರಿಸಿ ಇನ್ನೊಂದಕ್ಕೆ ಹೋಗಬೇಡಿ.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಇದು ಅಮೆರಿಕದ, ಅದರಲ್ಲೂ ಟೆಕ್ಸಾಸ್‌ನ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನರಿ, ತೋಳ, ಚಿರತೆ ಯಾವುದನ್ನೂ ಮುಟ್ಟುವಂತಿಲ್ಲ. ಕೊಲ್ಲುವುದಷ್ಟೇ ಅಲ್ಲ, ಆಮಿಷ ಒಡ್ಡುವುದು, ಕೊಲ್ಲಲು ಪ್ರಯತ್ನಿಸುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಇಲ್ಲಿ ಓದಿದ್ದನ್ನು ಅಲ್ಲಿ ಮಾಡಿ ನೋಡಲು ಹೋಗಬೇಡಿ.

ಹಂತ 1: ಕಾಗದ ಮೊದಲು, ಕೋವಿ ಆಮೇಲೆ

ಟೆಕ್ಸಾಸ್‌ನಲ್ಲಿ ಕಯೋಟಿಗೆ ನಿಷೇಧದ ಕಾಲ ಇಲ್ಲ. ಖಾಸಗಿ ಜಮೀನಿನಲ್ಲಿ, ಒಡೆಯರ ಒಪ್ಪಿಗೆ ಇದ್ದರೆ, ರಾತ್ರಿಯೂ ಹೊಡೆಯಬಹುದು. ಮಿಷನ್ನಿನ ಕೂಗು, ದೀಪ, ಥರ್ಮಲ್ ಎಲ್ಲಕ್ಕೂ ಅವಕಾಶ ಇದೆ. ಬೇರೆ ರಾಜ್ಯಗಳ ಕತೆ ಬೇರೆ. ಟೆಕ್ಸಾಸ್ ನಿಯಮ ಹಿಡಿದುಕೊಂಡು ಗಡಿ ದಾಟಬೇಡಿ.

ಬೇಟೆ ಲೈಸೆನ್ಸ್ ಬೇಕು. ಯಾವ ತಿಂಗಳಲ್ಲಿ ಕೊಂಡರೂ ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸನ್ನೂ ಮುಗಿಸಬೇಕು. ತನ್ನ ಜಾನುವಾರಿಗೆ ಕಾಟ ಕೊಡುವ ಕಯೋಟಿಯನ್ನು ಹೊಡೆಯಲು ಜಮೀನಿನ ಒಡೆಯರಿಗೂ ಅವರು ನೇಮಿಸಿದವರಿಗೂ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಒಂದಿದೆ. ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ (ಕೆಲಸದ್ದು), ಎಫ್-1ರಂಥ (ಓದಿನದ್ದು) ವೀಸಾದಲ್ಲಿ ಇರುವವರು ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ ಎನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಸಿಗುತ್ತದೆ. ಅಂದರೆ ನಿಮ್ಮ ಮಟ್ಟಿಗೆ ಆ ಲೈಸೆನ್ಸ್ ಬರೀ ಬೇಟೆಯ ಚೀಟಿಯಲ್ಲ, ಕೋವಿ ಮುಟ್ಟಲು ಇರುವ ಆಧಾರವೇ ಅದು. ಸೆಪ್ಟೆಂಬರ್ 1ರ ಬೆಳಿಗ್ಗೆ ಅದನ್ನು ಮರೆತರೆ ವೀಸಾಕ್ಕೇ ಕುತ್ತು. ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಎಲ್ಲಿ ನಿಂತು ಹೊಡೆಯುತ್ತೀರಿ ಎನ್ನುವುದಕ್ಕೂ ಕಟ್ಟುಪಾಡು ಇದೆ. ಗುಂಡು ಜಮೀನಿನ ಗಡಿ ದಾಟಿ ಪಕ್ಕದವರ ಜಾಗಕ್ಕೆ ಹೋಗುವಂತಿಲ್ಲ. ಸಾರ್ವಜನಿಕ ರಸ್ತೆಯಿಂದ ಹೊಡೆಯುವಂತಿಲ್ಲ. ಲೇಔಟುಗಳಲ್ಲಿ 10 ಎಕರೆ ಅಥವಾ ಅದಕ್ಕಿಂತ ಚಿಕ್ಕ ಜಾಗವಾದರೆ ಗುಂಡು ಹಾರಿಸುವುದನ್ನೇ ಕೌಂಟಿ (ನಮ್ಮ ಜಿಲ್ಲಾಡಳಿತದಂಥದ್ದು) ನಿಷೇಧಿಸಿರಬಹುದು, ಮೊದಲೇ ವಿಚಾರಿಸಿ. ಬೇಲಿ ಕಂಬದ ಮೇಲೋ ಮರದ ಮೇಲೋ ನೇರಳೆ ಬಣ್ಣದ ಉದ್ದ ಪಟ್ಟೆ ಬಳಿದಿದ್ದರೆ "ಒಳಗೆ ಬರಬೇಡ" ಅಂತಲೇ ಅರ್ಥ, ಬೋರ್ಡು ಬೇಕಿಲ್ಲ. ರಾತ್ರಿ ಆ ಬಣ್ಣ ಕಾಣುವುದಿಲ್ಲ.

ಹೊರಡುವ ಸಂಜೆ ಇಬ್ಬರಿಗೆ ಫೋನ್ ಮಾಡಿ. ಒಬ್ಬರು ಆ ಭಾಗದ ಗೇಮ್ ವಾರ್ಡನ್, ಅಂದರೆ ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿ. ರಾತ್ರಿ ಗುಂಡಿನ ಸದ್ದು ಕೇಳಿದ ಯಾರಾದರೂ ಕಳ್ಳಬೇಟೆ ಎಂದು ದೂರು ಕೊಟ್ಟರೆ ಗಾಡಿ ಹತ್ತಿ ಬರಬೇಕಾದವರು ಅವರೇ. ಇನ್ನೊಬ್ಬರು ಪಕ್ಕದ ಜಮೀನಿನವರು. ಈ ಎರಡನೆಯ ಫೋನು ಯಾಕೆ ಅಂತ ಹಂತ 8ರಲ್ಲಿ ಗೊತ್ತಾಗುತ್ತದೆ.

ಹಂತ 2: ಸಾಮಾನು, ಬೇಕಾದಷ್ಟೇ

ಮೊದಲ ದುಡ್ಡು ಹಾಕಬೇಕಾದ್ದು ಕೈಯಲ್ಲಿ ಹಿಡಿದು ನೋಡುವ ಥರ್ಮಲ್ ದುರ್ಬೀನಿಗೆ. ಕೋವಿಯ ಮೇಲಿನ ಥರ್ಮಲ್ ಸ್ಕೋಪು ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ, ಸ್ಕೋಪು ಒಂದನ್ನೇ ಕೊಂಡು, ಸುತ್ತ ನೋಡುವುದಕ್ಕೂ ಅದನ್ನೇ ತಿರುಗಿಸುತ್ತಾರೆ. ಅಂದರೆ ಏನು ಅಂತ ಗೊತ್ತಿಲ್ಲದ ಪ್ರತಿಯೊಂದರ ಕಡೆಗೂ ಕೋವಿಯ ನಳಿಗೆ ತಿರುಗಿತು ಅಂತಾಯಿತು. ಹಸು, ದನ ಕಾಯುವವನು, ಮನೆ ಕಿಟಕಿ ಎಲ್ಲದರ ಕಡೆಗೂ. ಹುಡುಕುವುದು ಕೈಯ ದುರ್ಬೀನಿನಲ್ಲಿ, ಕೋವಿ ಎತ್ತುವುದು ಇದೇ ಪ್ರಾಣಿ ಎಂದು ಖಾತ್ರಿಯಾದ ಮೇಲೆ. ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಕೈಯದ್ದನ್ನು ಕೊಂಡು, ಕೋವಿಗೆ ಕೆಂಪು ದೀಪ ಹಾಕಿಕೊಳ್ಳಿ. ಕೆಂಪು ದೀಪದಲ್ಲೂ ಕಯೋಟಿ ಹೊಡೆದವರು ಎಷ್ಟೋ ಮಂದಿ.

ಕೋವಿ: ಪಾಯಿಂಟ್ 223 ಅಳತೆಯ ತೋಟಾ ಹಾರಿಸುವುದು ಸಾಕು. ಇನ್ನೂ ದೊಡ್ಡದು ಬೇಕು ಅನ್ನುವವರಿಗೆ ಕಯೋಟಿಯನ್ನು ಹತ್ತಿರದಿಂದ ನೋಡಿ ಗೊತ್ತಿಲ್ಲ. ಚಳಿಗಾಲದ ತುಪ್ಪಳದಲ್ಲಿ ತೋಳದಂತೆ ಕಂಡರೂ ತೂಕ 10ರಿಂದ 15 ಕಿಲೋ, ನಮ್ಮೂರ ಬೀದಿನಾಯಿಯಷ್ಟು. ನೆಟ್ಟಗೆ ಗುಂಡು ತಾಗಬೇಕಾದ ಎದೆಯ ಜಾಗ ಸುಲಿದ ತೆಂಗಿನಕಾಯಿಗಿಂತ ದೊಡ್ಡದಲ್ಲ.

ಮೂರು ಕಾಲಿನ ಸ್ಟ್ಯಾಂಡು ಖಂಡಿತ ಬೇಕು. ಕತ್ತಲಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಹೊಡೆಯುತ್ತೇನೆ ಎಂಬ ಧೈರ್ಯ ಬೇಡ. ಇನ್ನು ಕೂಗುವ ಮಿಷನ್ನು ಮತ್ತು ಅದರ ರಿಮೋಟು, ತಲೆಗೆ ಕಟ್ಟುವ ದೀಪ, ರಬ್ಬರ್ ಕೈಗವಸು, ಬೆಚ್ಚಗಿನ ತಿಂಗಳಾದರೆ ಮೊಣಕಾಲಿನವರೆಗೆ ಹಾವು ಕಚ್ಚದಂಥ ಕಾಲುಪಟ್ಟಿ. ಇಲ್ಲಿನ ಗಿಲಕಿಹಾವು ಪ್ರತಿ ಸಲವೂ ಗಿಲಕಿ ಆಡಿಸಿ ಎಚ್ಚರಿಸುತ್ತದೆ ಅಂತ ನಂಬಬೇಡಿ.

ಹೊರಡುವ ಮುಂಚೆ ಹಗಲಲ್ಲೇ 100 ಗಜಕ್ಕೆ ಗುರಿ ಸರಿಮಾಡಿ. ಥರ್ಮಲ್ ಸ್ಕೋಪಿಗೆ ಕಾಗದದ ಮೇಲಿನ ಕಪ್ಪು ಚುಕ್ಕೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಬಿಸಿ ತಂಪಿನ ವ್ಯತ್ಯಾಸ ಬೇಕು. ರಟ್ಟಿನ ಮೇಲೆ ಎರಡು ಇಂಚಿನ ಅಲ್ಯೂಮಿನಿಯಂ ಟೇಪಿನ ಚೌಕ ಅಂಟಿಸಿ, ರಟ್ಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಟೇಪು ಆಕಾಶದ ತಂಪನ್ನು ಪ್ರತಿಫಲಿಸಿ, ಬಿಸಿ ಬಿಳಿಯಾಗಿ ಕಾಣುವ ಪರದೆಯಲ್ಲಿ ಚೊಕ್ಕ ಕಪ್ಪು ಚೌಕವಾಗಿ ನಿಲ್ಲುತ್ತದೆ. ಚಳಿಗೆ ಕೈ ಕಾಯಿಸಿಕೊಳ್ಳುವ ಬಿಸಿ ಪೊಟ್ಟಣವೂ ಆದೀತು.

ಹಂತ 3: ಹಗಲಲ್ಲಿ ಒಂದು ಸುತ್ತು

ರಾತ್ರಿ ಕೂರುವ ಜಾಗವನ್ನು ರಾತ್ರಿ ಹುಡುಕಬೇಡಿ. ಮಧ್ಯಾಹ್ನವೇ ಹೋಗಿ ನಡೆದು ನೋಡಿ. ಕಯೋಟಿಯ ಹಿಕ್ಕೆ ದಾರಿ ಕೂಡುವಲ್ಲಿ, ದನದ ಜಾಡಿನ ನಟ್ಟನಡುವೆ ಬಿದ್ದಿರುತ್ತದೆ. ಕೂದಲು, ಮೊಲದ ಮೂಳೆಚೂರು, ಒಮ್ಮೊಮ್ಮೆ ಪಾಪಸುಕಳ್ಳಿ ಹಣ್ಣಿನ ಬೀಜ. ಬೇಲಿಯಡಿ ನುಸುಳಿದ ಕಡೆ ತಂತಿಗೆ ಬೂದು ಕೂದಲು ಸಿಕ್ಕಿಕೊಂಡಿರುತ್ತದೆ. ಒಣಗಿದ ಹಳ್ಳದ ಮರಳಿನಲ್ಲಿ ಹೆಜ್ಜೆ ನೋಡಿ. ನಾಯಿಯ ಹೆಜ್ಜೆ ಅಗಲವಾಗಿ ಅಡ್ಡಾದಿಡ್ಡಿ ಹೋಗಿರುತ್ತದೆ. ಕಯೋಟಿಯದ್ದು ಉದ್ದುದ್ದ, ಗೆರೆ ಎಳೆದಂತೆ ಸಾಲಾಗಿ.

ಇಲ್ಲಿನ ಮೆಸ್ಕೀಟ್ ಪೊದೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದು ಹೇಗೆ ಮುಳ್ಳು ಚಾಚಿ ಹಬ್ಬುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕಯೋಟಿ ಹಗಲು ಮಲಗುವುದು ಅಂಥ ಪೊದೆ, ಸೀಡರ್ ಮರಗಳ ದಟ್ಟಣೆಯಲ್ಲಿ. ಆ ದಟ್ಟಣೆಯ ಒಳಗೆ ಹೋಗಬೇಡಿ, ಅದರ ಅಂಚು ಎಲ್ಲಿ ಬಯಲಿಗೆ ತೆರೆಯುತ್ತದೆ ಎನ್ನುವುದನ್ನು ಮಾತ್ರ ಗುರುತು ಮಾಡಿ.

ಹಗಲು ಮಾಡಲೇಬೇಕಾದ ಇನ್ನೊಂದು ಕೆಲಸ ಗುಂಡಿನ ಹಿಂದೆ ಏನಿದೆ ಅಂತ ನೋಡುವುದು. ಪಾಯಿಂಟ್ 223 ಗುಂಡು ತಡೆಯಿಲ್ಲದೆ ಹಾರಿದರೆ ಮೂರು ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ಮನೆ, ರಸ್ತೆ, ದನದ ಕೊಟ್ಟಿಗೆ, ಪ್ರೊಪೇನ್ ಟ್ಯಾಂಕು ಇವು ಯಾವ ದಿಕ್ಕಿಗಿವೆ? ಕೂರುವ ಜಾಗದಲ್ಲಿ ನಿಂತು ಫೋನಿನಲ್ಲಿ ಸುತ್ತಲಿನ ಫೋಟೊ ತೆಗೆದು, ಹೊಡೆಯಬಾರದ ದಿಕ್ಕುಗಳನ್ನು ಅದರ ಮೇಲೆ ಗೀಚಿಟ್ಟುಕೊಳ್ಳಿ. ಬಿಸಿಯಿಲ್ಲದ ಮನೆಗೋಡೆ ಥರ್ಮಲ್‌ನಲ್ಲಿ ಗುಡ್ಡದಂತೆಯೇ ಬೂದುಬಣ್ಣಕ್ಕೆ ಕಾಣುತ್ತದೆ. ಮುಳ್ಳುತಂತಿಯಂತೂ ಕಾಣುವುದೇ ಇಲ್ಲ.

ಹಂತ 4: ಗಾಳಿ

ಇದೊಂದನ್ನು ನಿಧಾನವಾಗಿ ಓದಿ.

ಕಯೋಟಿ ಕೂಗು ಕೇಳಿದ ಕಡೆಗೆ ನೆಟ್ಟಗೆ ಓಡಿ ಬರುವುದು ಕಡಿಮೆ. ಕಿವಿ ಹೇಳಿದ್ದನ್ನು ಅದು ಮೂಗಿನಲ್ಲಿ ಪರೀಕ್ಷೆ ಮಾಡುತ್ತದೆ. ಸುತ್ತು ಹಾಕಿ, ಗಾಳಿ ಎಲ್ಲಿಗೆ ಬೀಸುತ್ತಿದೆಯೋ ಅಲ್ಲಿಗೆ ಬಂದು, ಮೂಗೆತ್ತಿ ನಿಂತು, ಆಮೇಲೆ ತೀರ್ಮಾನ. ಹಾಗಾಗಿ ನಿಮ್ಮ ಪ್ರಶ್ನೆ "ಮಿಷನ್ನು ಎಲ್ಲಿಡಲಿ" ಎನ್ನುವುದಲ್ಲ. "ಗಾಳಿ ಇಳಿಯುವ ಜಾಗ ನನ್ನ ಕಣ್ಣಿಗೆ ಕಾಣುವಂತಿದೆಯಾ, ನನ್ನ ವಾಸನೆ ಅಲ್ಲಿಗೆ ಹೋಗುತ್ತಿಲ್ಲ ತಾನೆ" ಎನ್ನುವುದು.

ಉದಾಹರಣೆಗೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತಿದೆ, ಪೊದೆಗಾಡು ಪೂರ್ವಕ್ಕಿದೆ ಅನ್ನಿ. ನೀವು ಪಶ್ಚಿಮದಿಂದ ಬಂದು, ಪೂರ್ವಕ್ಕೆ ಮುಖಮಾಡಿ ಕೂತಿರಿ. ಗಾಳಿ ನಿಮ್ಮ ಎಡಗೆನ್ನೆಗೆ ಬಡಿಯುತ್ತದೆ. ಮಿಷನ್ನನ್ನು ನಿಮ್ಮಿಂದ 50 ಗಜ ಮುಂದೆ, ಪೂರ್ವಕ್ಕೇ ಇಡಿ. ಪೊದೆಯಿಂದ ಹೊರಟ ಕಯೋಟಿ ವಾಸನೆ ಹಿಡಿಯಲು ಮಿಷನ್ನಿನ ದಕ್ಷಿಣಕ್ಕೆ, ಅಂದರೆ ನಿಮ್ಮ ಬಲ ಮುಂಭಾಗಕ್ಕೆ ಸುತ್ತಿ ಬರುತ್ತದೆ. ನಿಮ್ಮ ವಾಸನೆ ನೀವು ಕೂತಲ್ಲಿಂದ ದಕ್ಷಿಣಕ್ಕೆ ಇಳಿಯುತ್ತಿದೆ. ಕಯೋಟಿ ಅದನ್ನು ಮುಟ್ಟಬೇಕಾದರೆ ಇನ್ನೂ 50 ಗಜ ನಿಮ್ಮ ಕಡೆಗೆ ಬರಬೇಕು. ಆ 50 ಗಜವೇ ನಿಮ್ಮ ಸಮಯ. ಗಾಳಿ ಎಡಗೆನ್ನೆಗಾದರೆ ಕಣ್ಣು ಬಲಕ್ಕೆ, ಬಲಗೆನ್ನೆಗಾದರೆ ಕಣ್ಣು ಎಡಕ್ಕೆ. ಅಷ್ಟು ನೆನಪಿಟ್ಟರೆ ಸಾಕು.

ಹೆಚ್ಚಿನವರು ಮಾಡುವ ತಪ್ಪು ಗಾಳಿ ಮುಖಕ್ಕೆ ಬರುವಂತೆ ಕೂತು ಮುಂದೆಯೇ ನೋಡುವುದು. ಕಯೋಟಿ ಬೆನ್ನ ಹಿಂದೆ ಬಂದು, ಮೂಸಿ, ಹೋಗಿರುತ್ತದೆ. "ಏನೂ ಬರಲಿಲ್ಲ" ಅನ್ನುವವರಲ್ಲಿ ಅರ್ಧದಷ್ಟು ಜನರ ಬೆನ್ನಿಗೆ ಅದು ಬಂದಿತ್ತು ಅಂತ ನನ್ನ ಅಂದಾಜು.

ಫೋನಿನ ಹವಾಮಾನ ಆ್ಯಪು ಹೇಳುವುದು ಇಡೀ ಊರಿನ ಗಾಳಿ. ನೀವು ಕೂತ ಹಳ್ಳದ ಗಾಳಿ ಬೇರೆ. ಸೂರ್ಯ ಮುಳುಗಿದ ಮೇಲೆ ಗುಡ್ಡದ ತಂಪು ಗಾಳಿ ನೀರಿನಂತೆ ತಗ್ಗಿಗೆ ಇಳಿಯುತ್ತದೆ. ಗುಡ್ಡದ ಅರ್ಧದಲ್ಲಿ ಕೂತರೆ ನಿಮ್ಮ ವಾಸನೆಯೂ ಅದರ ಜೊತೆ ಹಳ್ಳಕ್ಕೆ. ಪರೀಕ್ಷೆಗೆ ಇಲ್ಲಿನವರು ಮಿಲ್ಕ್‌ವೀಡ್ ಕಾಯಿಯ ಹತ್ತಿಯನ್ನು ಎಳೆ ಎಳೆಯಾಗಿ ಬಿಡುತ್ತಾರೆ. ಅದು ನಮ್ಮ ಎಕ್ಕದ ಬಳಗದ ಗಿಡ, ಬೀಜ ಹಾರುವ ಪರಿಯೂ ಅದೇ. ಮೊದಲು ನಾಲ್ಕು ಅಡಿ ನೆಟ್ಟಗೆ ಹೋದ ಎಳೆ ಮುಂದೆ ಸುಳಿ ತಿರುಗಿ ವಾಪಸು ಬರುವುದನ್ನು ಕೆಂಪು ದೀಪದಲ್ಲಿ ನೋಡಿದ ದಿನ ನನಗೆ ಆ್ಯಪಿನ ಮೇಲಿನ ನಂಬಿಕೆ ಹೋಯಿತು. ಗಾಳಿ ಪೂರ್ತಿ ನಿಂತ ರಾತ್ರಿ, ಅಥವಾ ನಿಮಿಷಕ್ಕೊಂದು ದಿಕ್ಕಿಗೆ ತಿರುಗುವ ರಾತ್ರಿ, ಎದ್ದು ಮನೆಗೆ ಬನ್ನಿ. ಒಳ್ಳೆಯ ಜಾಗವನ್ನು ಕೆಟ್ಟ ಗಾಳಿಯಲ್ಲಿ ಕೆಡಿಸಬೇಡಿ.

ಹಂತ 5: ಒಳಗೆ ಹೋಗುವುದು

ಕಾರು ಕಾಣದ ತಗ್ಗಿನಲ್ಲಿ, ಕೂರುವ ಜಾಗದಿಂದ 400 ಗಜವಾದರೂ ದೂರ. ಒಳಗಿನ ದೀಪ ಹೊತ್ತದಂತೆ ಮೊದಲೇ ಆಫ್ ಮಾಡಿಡಿ. ಬಾಗಿಲು ಬಡಿಯಬೇಡಿ, ಒತ್ತಿ ಮುಚ್ಚಿ. ಲಾಕನ್ನು ರಿಮೋಟಿನಲ್ಲಿ ಹಾಕಬೇಡಿ. ಒಮ್ಮೆ ನನ್ನ ಜೊತೆ ಬಂದವರು ಅಷ್ಟೆಲ್ಲ ಹುಷಾರಾಗಿ ಬಾಗಿಲು ಒತ್ತಿ, ಹತ್ತು ಹೆಜ್ಜೆ ನಡೆದು, ಅಭ್ಯಾಸಬಲದಿಂದ ಜೇಬಿನಲ್ಲೇ ಗುಂಡಿ ಒತ್ತಿದರು. "ಪೀಂ" ಅಂತ ಹಾರ್ನು, ಮೇಲಿಂದ ನಾಲ್ಕು ಇಂಡಿಕೇಟರು. "ಸಾರಿ ಮಾರಾಯ," ಅಂದರು. ಆ ರಾತ್ರಿ ಇಬ್ಬರೂ ಕಾರಿನಲ್ಲೇ ಕೂತು ಚಿತ್ರಾನ್ನ ತಿಂದು ವಾಪಸು ಬಂದೆವು.

ನಡೆಯುವಾಗ ಕೋವಿಯ ಚೇಂಬರಿನಲ್ಲಿ (ತೋಟಾ ಸಿಡಿಯುವ ಗೂಡಿನಲ್ಲಿ) ತೋಟಾ ಬೇಡ. ಕೂತು, ಸ್ಟ್ಯಾಂಡು ಹೂಡಿ, ನಳಿಗೆ ಸುರಕ್ಷಿತ ದಿಕ್ಕಿಗೆ ತಿರುಗಿದ ಮೇಲೆಯೇ ತೋಟಾ ಏರಿಸುವುದು. ಥರ್ಮಲ್ ಪರದೆ ನೋಡಿದ ಕಣ್ಣು ಕೆಲವು ನಿಮಿಷ ಕತ್ತಲಿಗೆ ಕುರುಡು. ಹಾಗಾಗಿ ನೋಡುತ್ತಾ ನಡೆಯಬೇಡಿ. ನಿಲ್ಲಿ, ನೋಡಿ, ಇಳಿಸಿ, ನಡೆಯಿರಿ. ಗುಡ್ಡದ ನೆತ್ತಿ ದಾಟಬೇಕಾದರೆ ಆಕಾಶಕ್ಕೆ ಎದುರಾಗಿ ನಿಲ್ಲದಂತೆ ಪಕ್ಕದಲ್ಲಿ ಬಳಸಿ ಹೋಗಿ. ಬೆಳದಿಂಗಳಿದ್ದರೆ ಇದು ಇನ್ನೂ ಮುಖ್ಯ. ಥರ್ಮಲ್‌ಗೆ ಚಂದ್ರ ಬೇಕಿಲ್ಲ, ಕಯೋಟಿಗೆ ನಿಮ್ಮನ್ನು ನೋಡಲು ಅವನು ಸಹಾಯ ಮಾಡುತ್ತಾನೆ ಅಷ್ಟೇ.

ಹಂತ 6: ಮರಸು ಕೂರುವುದು

ಅಡಗಿ ಕೂತು ಪ್ರಾಣಿಗೆ ಕಾಯುವುದಕ್ಕೆ ನಮ್ಮ ಮಲೆನಾಡಿನ ಹಳಬರು ಮರಸು ಅನ್ನುತ್ತಿದ್ದರು. ಮಾತು ಹಳೆಯದು, ಕೆಲಸ ಅದೇ. ಬೆನ್ನಿಗೆ ಒಂದು ಪೊದೆಯೋ ಓಕ್ ಮರದ ಬುಡವೋ ಇರಲಿ, ಆಕಾರ ಅದರಲ್ಲಿ ಕರಗಲಿ. ಪೊದೆಯ ಹಿಂದೆ ಅಡಗಬೇಡಿ, ಮುಂದೆ ಕೂರಿ. ಹಿಂದೆ ಕೂತರೆ ಕಾಣಬೇಕಾದ್ದು ಕಾಣುವುದಿಲ್ಲ, ನಳಿಗೆ ತಿರುಗಿಸುವಾಗ ಕೊಂಬೆ ಸದ್ದು ಮಾಡುತ್ತದೆ.

ಇಬ್ಬರಿದ್ದರೆ ಭುಜಕ್ಕೆ ಭುಜ ಒಂದೇ ಸಾಲಿನಲ್ಲಿ ಕೂರಿ. ಒಬ್ಬ ಅಲ್ಲಿ, ಇನ್ನೊಬ್ಬ 100 ಗಜ ಆಚೆ ಕೂತು ಎರಡೂ ಕಡೆ ಕಾಯುವ ಉಪಾಯ ಹಗಲಲ್ಲೇ ಅಪಾಯ, ಕತ್ತಲಲ್ಲಿ ಕೇಳುವುದೇ ಬೇಡ. ಹೊಡೆಯುವವನು ಒಬ್ಬ, ದುರ್ಬೀನು ಮತ್ತು ರಿಮೋಟು ಹಿಡಿಯುವವನು ಇನ್ನೊಬ್ಬ ಅಂತ ಮೊದಲೇ ಮಾತಾಗಲಿ.

ಕೂತ ಮೇಲೆ ಐದು ನಿಮಿಷ ಸುಮ್ಮನಿರಿ. ಸುತ್ತ ಒಮ್ಮೆ ದುರ್ಬೀನು ತಿರುಗಿಸಿ ಏನೇನು ಬಿಸಿಯಾಗಿದೆ ಅಂತ ಲೆಕ್ಕ ಹಾಕಿ. ಇಲ್ಲಿನ ಸುಣ್ಣಕಲ್ಲು ಬಂಡೆಗಳು ಹಗಲಿನ ಬಿಸಿಲು ಕುಡಿದು ರಾತ್ರಿ ಒಂಬತ್ತು ಹತ್ತರವರೆಗೂ ಬೆಳ್ಳಗೆ ಹೊಳೆಯುತ್ತಿರುತ್ತವೆ. ಪ್ರತಿ ಬಂಡೆಯೂ ಮಲಗಿದ ಪ್ರಾಣಿಯಂತೆ ಕಾಣುತ್ತದೆ. ಹೊಸಬರು ನಡುರಾತ್ರಿಯ ನಂತರ ಕೂರುವುದು ವಾಸಿ. ಆಗ ಕಲ್ಲು ಆರಿ, ಜೀವ ಇರುವುದು ಮಾತ್ರ ಎದ್ದು ಕಾಣುತ್ತದೆ. ಮಂಜು ಕವಿದರೆ ಥರ್ಮಲ್ಲೂ ಮಂಕು.

ಹಂತ 7: ಕರೆ

ಯಾವ ಕೂಗು ಹಾಕಬೇಕು ಅಂತ ಕ್ಯಾಲೆಂಡರ್ ಹೇಳುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಆ ವರ್ಷದ ಮರಿಗಳು ತಾಯ ಬಿಟ್ಟು ಚದುರುತ್ತವೆ, ಹಸಿದಿರುತ್ತವೆ, ಲೋಕ ಕಂಡಿರುವುದಿಲ್ಲ. ಆಗ ಗಾಯಗೊಂಡ ಮೊಲದ ಅರಚಾಟವೇ ಸಾಕು. ಜನವರಿ, ಫೆಬ್ರವರಿ ಜೋಡಿಯ ಕಾಲ. ಆಗ ಹೊಟ್ಟೆಗಿಂತ ಗಡಿಯ ಚಿಂತೆ ಹೆಚ್ಚು. ಒಂಟಿ ಕಯೋಟಿಯ ಊಳು ಹಾಕಿದರೆ ನಮ್ಮ ಜಾಗಕ್ಕೆ ಬಂದವನ್ಯಾರು ಅಂತ ನೋಡಲು ಬರುತ್ತವೆ. ಏಪ್ರಿಲ್, ಮೇ ಹೊತ್ತಿಗೆ ಮರಿ ಹಾಕಿರುತ್ತವೆ, ಮರಿಯ ಅಳು ಕೇಳಿದರೆ ತಾಯಿ ತಂದೆ ಎರಡೂ ಓಡಿ ಬರುತ್ತವೆ. ನಾನು ಆ ತಿಂಗಳುಗಳಲ್ಲಿ ಹೋಗುವುದಿಲ್ಲ. ಮೇಕೆ ಮರಿ ದಿನಾ ಸಾಯುತ್ತಿರುವ ಜಮೀನಿನವರು ಕರೆದರೆ ಅದು ಬೇರೆ ಮಾತು.

ಚಳಿಗಾಲದ ಒಂದು ಬೈಠಕ್ಕಿಗೆ ನನ್ನ ಕ್ರಮ ಹೀಗೆ.

ಮೊದಲು ಒಂಟಿ ಊಳು, ಎರಡು ಸಲ. ಆಮೇಲೆ ಮೂರು ನಿಮಿಷ ಪೂರ್ತಿ ಮೌನ. ಉತ್ತರ ಬಂದರೆ ಯಾವ ದಿಕ್ಕಿನಿಂದ ಅಂತ ಗೊತ್ತಾಗುತ್ತದೆ. ಬಾರದಿದ್ದರೂ ಚಿಂತೆಯಿಲ್ಲ, ಸದ್ದಿಲ್ಲದೆ ಹೊರಟು ಬರುವವೇ ಹೆಚ್ಚು.

ನಂತರ ಮೊಲದ ಅರಚು. ಇದನ್ನು ಬಹಳ ಸಣ್ಣ ದನಿಯಲ್ಲಿ ಶುರು ಮಾಡಿ. 80 ಗಜದಾಚೆ ಪೊದೆಯಲ್ಲೇ ಒಂದು ಮಲಗಿದ್ದರೆ, ಮೊದಲ ಸದ್ದೇ ಕಿವಿ ಹರಿಯುವಂತಿದ್ದರೆ ಅದು ಬೆದರಿ ಓಡುತ್ತದೆ. ಎರಡು ನಿಮಿಷ ಸಣ್ಣಗೆ, ಒಂದು ನಿಮಿಷ ನಿಲ್ಲಿಸಿ, ಮತ್ತೆರಡು ನಿಮಿಷ ಜೋರಾಗಿ. ನಿಜವಾದ ಮೊಲ ಬಿಡದೆ ಹದಿನೈದು ನಿಮಿಷ ಕಿರುಚುವುದಿಲ್ಲ, ಸುಸ್ತಾಗುತ್ತದೆ. ನಿಮ್ಮದೂ ಸುಸ್ತಾಗಲಿ.

ಹನ್ನೆರಡನೇ ನಿಮಿಷದ ಹೊತ್ತಿಗೆ ಏನೂ ಕಾಣದಿದ್ದರೆ ಮರಿ ಕಯೋಟಿಯ ನೋವಿನ ಕುಂಯ್‌ಗುಟ್ಟುವಿಕೆ, ಎರಡು ನಿಮಿಷ. ದೂರದಲ್ಲಿ ನಿಂತು ಅನುಮಾನಿಸುತ್ತಿರುವುದನ್ನು ಇದು ಎಳೆದು ತರುತ್ತದೆ. ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಮುಗಿಸಿ. ಕಾಡುಬೆಕ್ಕು ನಿಧಾನಿ, ಅದಕ್ಕಾದರೆ ಅರ್ಧ ಗಂಟೆ ಕೂರಬೇಕು. ಆಮೇಲೆ ಜಾಗ ಬದಲಿಸಿ. ಬಯಲಾದರೆ ಒಂದು ಮೈಲಿಯಾದರೂ ದೂರ, ದಟ್ಟ ಪೊದೆಯಾದರೆ ಅರ್ಧ ಮೈಲಿ.

ಕಯೋಟಿ ಕಾಣಿಸಿತು, ಬರುತ್ತಿದೆ. ಈಗ ರಿಮೋಟಿನ ಮೇಲಿನ ಬೆರಳು ತೆಗೆಯಿರಿ. ಬರುತ್ತಿರುವಾಗ ಕೂಗು ಬದಲಿಸುವುದು ಹೊಸಬರ ಚಟ. ಬರುತ್ತಿದ್ದರೆ ಅದನ್ನು ಬರಲು ಬಿಡಿ. ನಿಂತುಬಿಟ್ಟರೆ ಮಾತ್ರ ದನಿ ತಗ್ಗಿಸಿ, ಅಥವಾ ಮಿಷನ್ನು ನಿಲ್ಲಿಸಿ ಮುಂಗೈಗೆ ತುಟಿಯೊತ್ತಿ ಇಲಿಯಂತೆ ಚಿಂವ್‌ಗುಟ್ಟಿಸಿ. ಸಾವಿರ ಡಾಲರ್ ಮಿಷನ್ನು ಮಾಡದ ಕೆಲಸವನ್ನು ಈ ಪುಕ್ಕಟೆ ಸದ್ದು ಮಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಿವಿಗೆ ಬೀಳುವ ಎಚ್ಚರಿಕೆಗಳನ್ನೂ ಕಲಿಯಿರಿ. ನಮ್ಮ ಟಿಟ್ಟಿಭದಂತೆ ಇಲ್ಲಿ ಕಿಲ್‌ಡಿಯರ್ ಹಕ್ಕಿ ಇದೆ. ಕತ್ತಲಲ್ಲಿ ಅದು ಕಿರುಚಿ ಎದ್ದರೆ ಆ ಕಡೆ ಏನೋ ನಡೆದಿದೆ. ಮಲಗಿದ್ದ ದನಗಳೆಲ್ಲ ಎದ್ದು ಒಂದೇ ಕಡೆ ನೋಡುತ್ತಿದ್ದರೆ ನೀವೂ ಅಲ್ಲಿಗೇ ನೋಡಿ. ಜಿಂಕೆ ಮೂಗಿನಿಂದ ಬುಸ್ಸೆಂದರೆ ಅದಕ್ಕೆ ಸಿಕ್ಕಿದ್ದು ನಿಮ್ಮ ವಾಸನೆಯೂ ಇರಬಹುದು, ಎಳೆ ಹತ್ತಿ ಬಿಟ್ಟು ಗಾಳಿ ನೋಡಿ. ಕಯೋಟಿಯೇ ಒಂದು ಕಡೆ ನಿಂತು ಬೊಗಳಿ, ಬೊಗಳಿ, ಕೊನೆಗೆ ಸಣ್ಣ ಊಳು ಎಳೆಯುತ್ತಿದ್ದರೆ ಆಟ ಮುಗಿಯಿತು. ಅದು ನಿಮ್ಮನ್ನು ಕಂಡುಹಿಡಿದು ಊರಿಗೆಲ್ಲ ಸಾರುತ್ತಿದೆ. ಇನ್ನಷ್ಟು ಕೂಗು ಹಾಕಿ ಅದಕ್ಕೆ ಪಾಠ ಕಲಿಸಬೇಡಿ. ಮಿಷನ್ನು ನಿಲ್ಲಿಸಿ, ಸದ್ದಿಲ್ಲದೆ ಎದ್ದು ಹೋಗಿ.

ಹಂತ 8: ಅದು ಕಯೋಟಿಯೇ?

ಥರ್ಮಲ್ ಪರದೆಯಲ್ಲಿ ಬಣ್ಣವಿಲ್ಲ, ಅಳತೆಯಿಲ್ಲ. 60 ಗಜದ ಮೊಲ, 300 ಗಜದ ಕಯೋಟಿ ಎರಡೂ ಬಿಳಿ ಬೊಟ್ಟು. ಡಬ್ಬದ ಮೇಲೆ "1000 ಗಜ" ಅಂತ ಬರೆದಿರುವುದು ಅಲ್ಲೇನೋ ಬಿಸಿಯಿದೆ ಅಂತ ತಿಳಿಯುವ ದೂರ. ಅದು ಯಾವ ಪ್ರಾಣಿ ಅಂತ ತಿಳಿಯುವ ದೂರ ಅದಕ್ಕಿಂತ ತುಂಬಾ ಕಡಿಮೆ. ಹೊಸಬರಿಗೆ 150 ಗಜದ ಆಚೆ ಏನೇ ಕಂಡರೂ ಕೋವಿಯ ಕುದುರೆಯ (ಟ್ರಿಗರಿನ) ಮೇಲೆ ಬೆರಳು ಬೇಡ.

ನಡಿಗೆ ನೋಡಿ. ಕಯೋಟಿ ತಲೆ ತಗ್ಗಿಸಿ, ಜಾರಿದಂತೆ ನಯವಾಗಿ ಓಡುತ್ತದೆ, ಕಾಲು ಸಣ್ಣ, ಬಾಲ ಕೆಳಗೆ. ನಾಯಿ ಕುಪ್ಪಳಿಸುತ್ತದೆ, ಬಾಲ ಮೇಲೆ. ಕರು ಸೆಟೆದು ನಡೆಯುತ್ತದೆ. ಒಂದು ಗುರುತು ಸಾಲದು, ಎರಡು ಮೂರು ಹೊಂದಬೇಕು.

ಇಲ್ಲಿ ಮೇಕೆ ಕಾಯಲು ಗ್ರೇಟ್ ಪಿರನೀಸ್ ಎಂಬ ದೊಡ್ಡ ಬಿಳಿ ನಾಯಿಗಳನ್ನು ಮಂದೆಯಲ್ಲೇ ಬಿಟ್ಟಿರುತ್ತಾರೆ. ರಾತ್ರಿಯೆಲ್ಲ ಎಚ್ಚರ ಇರುವುದೇ ಅವುಗಳ ಕೆಲಸ. ಕಯೋಟಿ ಊಳಿಟ್ಟರೆ ಓಡಿಸಲು ಬೇಲಿ ಹಾರಿಯೂ ಬರುತ್ತವೆ. ನೀವು ಹಾಕಿದ್ದು ಕಯೋಟಿಯ ಊಳು. ಬರುವುದು ಯಾರು?

ನನ್ನ ಎರಡನೇ ಚಳಿಗಾಲ. ಮರಿಯ ಕೂಗಿಗೆ ಬಲಗಡೆಯಿಂದ, ಸರಿಯಾಗಿ ಬರಬೇಕಾದ ಕಡೆಯಿಂದಲೇ, ಒಂದು ಬಿಳಿ ಆಕಾರ ಓಡಿ ಬಂತು. 120 ಗಜ. ಸೇಫ್ಟಿ ತೆಗೆದಿದ್ದೆ. ಅದು ನಿಂತಿತು, ಪಕ್ಕಕ್ಕೆ ತಿರುಗಿತು, ಬೆನ್ನಿನ ಮೇಲೆ ಬಾಲ ಸುರುಳಿ ಸುತ್ತಿಕೊಂಡು ಮೇಲೆದ್ದಿತು. ಕಯೋಟಿಯ ಬಾಲ ಹಾಗೆ ಸುತ್ತುವುದಿಲ್ಲ. ಸೇಫ್ಟಿ ಹಾಕಿ ತಲೆದೀಪ ಹೊತ್ತಿಸಿದೆ. ಪಕ್ಕದ ಜಮೀನಿನ ನಾಯಿ, ಕುತ್ತಿಗೆಗೆ ಪಟ್ಟಿ, ದೀಪಕ್ಕೆ ಕಣ್ಣು ಕಿರಿದು ಮಾಡಿ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಪಕ್ಕದವರಿಗೆ ಫೋನ್ ಮಾಡಿ, ಅವರ ನಾಯಿ ಎಷ್ಟು, ಆ ರಾತ್ರಿ ಎಲ್ಲಿರುತ್ತವೆ ಅಂತ ಕೇಳಿ ಎಂದದ್ದು ಇದಕ್ಕೇ.

ಹಂತ 9: ಈಡು

ಕಯೋಟಿ ಅಡ್ಡ ತಿರುಗಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ನಡುಮಟ್ಟಕ್ಕೆ. ಓಡುತ್ತಿದ್ದರೆ ಬಾಯಲ್ಲೇ "ವುಫ್" ಅಂತ ಗಟ್ಟಿಯಾಗಿ ಬೊಗಳಿ, ಒಂದೆರಡು ಕ್ಷಣ ನಿಂತು ನೋಡುತ್ತದೆ. ಆ ಕ್ಷಣಕ್ಕೆ ನೀವು ಮೊದಲೇ ಕೋವಿಗೆ ಕೆನ್ನೆ ಕೊಟ್ಟು ಸಿದ್ಧ ಇರಬೇಕು, ಇಲ್ಲದಿದ್ದರೆ ಬೊಗಳಬೇಡಿ. ನಿಲ್ಲದಿದ್ದರೆ ಬಿಟ್ಟುಬಿಡಿ. ಹಗಲಿನ ಫೋಟೊದಲ್ಲಿ ಗೀಚಿದ ದಿಕ್ಕಿನಲ್ಲಿದ್ದರೆ, ಎಷ್ಟೇ ಚೆನ್ನಾಗಿ ನಿಂತಿರಲಿ, ಅದು ಆ ರಾತ್ರಿ ಬದುಕಿತು.

ಹೊಡೆದ ಕೂಡಲೇ ಎದ್ದು ಓಡುವುದು ದೊಡ್ಡ ತಪ್ಪು. ಇನ್ನೊಂದು ತೋಟಾ ಏರಿಸಿ, ಕೂತಲ್ಲೇ ಇದ್ದು, ಮರಿಯ ನೋವಿನ ಕೂಗನ್ನು ಮೂರು ನಾಲ್ಕು ನಿಮಿಷ ಹಾಕಿ. ಜೋಡಿಯಾಗಿ ಬಂದಿದ್ದರೆ ಎರಡನೆಯದು ಮರಳಿ ಬರುವುದು ಆಗಲೇ.

ಹಂತ 10: ಬಿದ್ದದ್ದನ್ನು ಹುಡುಕುವುದು, ಮುಟ್ಟುವುದು

ಕತ್ತಲಲ್ಲಿ 100 ಗಜ ನಡೆದರೆ ದಿಕ್ಕು ತಪ್ಪುತ್ತದೆ. ಸ್ಟ್ಯಾಂಡನ್ನು ಗುರಿಯಿಟ್ಟ ದಿಕ್ಕಿಗೇ ಬಿಗಿದು, ಕೋವಿಯ ತೋಟಾ ತೆಗೆದು ಪಕ್ಕಕ್ಕಿಡಿ. ಒಬ್ಬರು ಅಲ್ಲೇ ನಿಂತು ದುರ್ಬೀನಿನಲ್ಲಿ ನೋಡುತ್ತಾ "ಬಲಕ್ಕೆ, ಇನ್ನೂ ಬಲಕ್ಕೆ" ಅಂತ ದಾರಿ ಹೇಳಲಿ, ಇನ್ನೊಬ್ಬರು ದೀಪ ಹಿಡಿದು ನಡೆಯಲಿ. ಗಾಯವಾಗಿ ಓಡಿದ್ದರೆ ಬೇಗ ಹೊರಡಿ: ಬಿಸಿ ರಕ್ತದ ಹನಿಗಳು ಹುಲ್ಲಿನ ಮೇಲೆ ಥರ್ಮಲ್‌ನಲ್ಲಿ ಕೆಲವೇ ನಿಮಿಷ ಬೆಳ್ಳಗೆ ಕಾಣುತ್ತವೆ, ಆಮೇಲೆ ಆರಿಹೋಗುತ್ತವೆ. ಗಾಯಗೊಂಡದ್ದನ್ನು ಹಾಗೇ ಬಿಟ್ಟು ಮನೆಗೆ ಬರುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ. ಅದು ಪಕ್ಕದವರ ಬೇಲಿ ದಾಟಿದ್ದರೆ ಮಾತ್ರ ನೀವು ದಾಟಬೇಡಿ. ಅವರಿಗೆ ಫೋನ್ ಮಾಡಿ, ಒಪ್ಪಿದರೆ ಹೋಗಿ.

ಬೆನ್ನಿನ ಕಡೆಯಿಂದ ಹತ್ತಿರ ಹೋಗಿ, ಉದ್ದ ಕೋಲಿನಿಂದ ಕಣ್ಣಿನ ರೆಪ್ಪೆ ಮುಟ್ಟಿ ನೋಡಿ. ಮಿಸುಕದಿದ್ದರೆ ಸತ್ತಿದೆ. ಬರಿಗೈಯಲ್ಲಿ ಮುಟ್ಟಬೇಡಿ: ಚಿಗಟ, ಕಜ್ಜಿ ಇರಬಹುದು, ರೇಬೀಸ್‌ನ ಭಯವೂ ಇದೆ. 1988ರಿಂದ ದಕ್ಷಿಣ ಟೆಕ್ಸಾಸ್‌ನ ಕಯೋಟಿಗಳಲ್ಲಿ ರೇಬೀಸ್ ಹಬ್ಬಿ, 1995ರಿಂದ ಸರ್ಕಾರ ವಿಮಾನದಲ್ಲಿ ಲಸಿಕೆಯ ಆಹಾರ ಉದುರಿಸಿ ಹತೋಟಿಗೆ ತಂದಿತು. ತೂರಾಡುತ್ತಿದ್ದ, ಜೊಲ್ಲು ಸುರಿಸುತ್ತಿದ್ದ, ಮನುಷ್ಯರನ್ನು ಕಂಡರೂ ಹೆದರದ ಪ್ರಾಣಿಯಾಗಿದ್ದರೆ ಮುಟ್ಟುವ ಮಾತೇ ಬೇಡ, ಕೌಂಟಿಯ ಪ್ರಾಣಿ ನಿಯಂತ್ರಣದವರಿಗೆ ತಿಳಿಸಿ. ಉಳಿದದ್ದನ್ನು ಹೂಳುವುದೋ ಇನ್ನೇನೋ ಜಮೀನಿನವರು ಹೇಳಿದಂತೆ. ಬೇಲಿಗೆ ನೇತುಹಾಕಿ ಫೋಟೊ ಹಾಕುವ ಚಾಳಿ ನನಗೆ ಹಿಡಿಸುವುದಿಲ್ಲ.

ಮೇಕೆ ಉಳಿಸಲು ಹೊರಟವರಿಗೆ ಒಂದು ಕಹಿ ಮಾತು. ಎರಡು ಕಯೋಟಿ ಹೊಡೆದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಪಕ್ಕದವು ಬಂದು ಹಿಡಿಯುತ್ತವೆ. ಮೇಕೆ ಈಯುವ ತಿಂಗಳಿಗೆ ಮುಂಚೆ ಹೊಡೆದರೆ ಆ ಹೊತ್ತಿಗೆ ಸ್ವಲ್ಪ ಬಿಡುವು ಸಿಗುತ್ತದೆ, ಅಷ್ಟೇ. ಕಾವಲು ನಾಯಿ ಮತ್ತು ಕರೆಂಟು ಬೇಲಿಯ ಬದಲಿಗೆ ಇದನ್ನು ಮಾಡುತ್ತೇನೆ ಅನ್ನುವವರು ಆ ದುಡ್ಡನ್ನು ಬೇಲಿಗೇ ಹಾಕಿ.

ಹೊರಡುವ ಮುಂಚೆ ಕಾರಿನ ದೀಪದಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ: ತಾರೀಖು, ಗಾಳಿ, ಹಾಕಿದ ಕೂಗು, ಎಷ್ಟನೇ ನಿಮಿಷಕ್ಕೆ ಯಾವ ಕಡೆಯಿಂದ ಬಂತು. ಅದೇ ಜಾಗಕ್ಕೆ ಮೂರು ವಾರ ಹೋಗಬೇಡಿ, ಹೋದಾಗ ಅದೇ ಕೂಗು ಹಾಕಬೇಡಿ. ಎಷ್ಟು ಗುಂಡು ಹಾರಿತು, ಏನು ಬಿತ್ತು ಅಂತ ಜಮೀನಿನವರಿಗೆ ರಾತ್ರಿಯೇ ಮೆಸೇಜು ಹಾಕಿ. ದಾರಿಯ ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನ ನೀರಿಗೆ ಹೋಗುವ ದಾರಿ ಅದೇ ಇರಬಹುದು.